ಮೊದಲ ಸಲ ಬಂದವರಿಗೆ ಏಳು ಆಟಗಳು

ನಮ್ಮ ಪಾರ್ಕಿಗೆ ಮೊದಲ ಸಲ ಬಂದವರನ್ನು ಗುರುತಿಸಲು ಕಣ್ಣು ಚುರುಕಾಗಿರಬೇಕಿಲ್ಲ. ಗೇಟಿನಲ್ಲೇ ಅವರ ಕೈಗೆ ಹಳದಿ ಪಟ್ಟಿ ಕಟ್ಟಿ, ಜೊತೆಗೊಂದು ಚೀಟಿ ಕೊಡುತ್ತಾರೆ. ‘ಮೊದಲ ಸಲ ಬಂದವರು ತಪ್ಪದೇ ಅನುಭವಿಸಬೇಕಾದ ಏಳು ಆಟಗಳು’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಪುಟಾಣಿ ರೈಲಿನಿಂದ ಶುರುವಾಗಿ ಗೋಪುರದಲ್ಲಿ ಮುಗಿಯುತ್ತದೆ. ಏಳೂ ಆಟಗಳ ಮುದ್ರೆ ಒತ್ತಿಸಿಕೊಂಡವರಿಗೆ ಹೊರಗೆ ಹೋಗುವಾಗ ತಗಡಿನ ಬಿಲ್ಲೆ ಸಿಗುತ್ತದೆ. ಆ ಬಿಲ್ಲೆಗಾಗಿ ತಲೆ ನರೆತ ಗಂಡಸರು ಸರದಿಯಲ್ಲಿ ಕೊರಳಪಟ್ಟಿ ಹಿಡಿದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಯಲ್ಲಿ ಆ ಚೀಟಿಗೆ ಬೇರೆಯದೇ ಉಪಯೋಗವಿತ್ತು. ಅಕ್ಕನನ್ನು ನೋಡಲು ಬರುವ ಗಂಡಿಗೆ ಅಪ್ಪ ಕೊಡುತ್ತಿದ್ದ ಪ್ರಶ್ನೆಪತ್ರಿಕೆ ಅದೇ.

ಅಪ್ಪ ಈ ಪಾರ್ಕಿನ ಹಿರಿಯ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಇಲ್ಲಿನ ಒಂದೊಂದು ಬೋಲ್ಟನ್ನೂ ಬಿಗಿ ಮಾಡುತ್ತಾ ಬಂದವನು. ನಾನು ಗೋಪುರದ ಆಪರೇಟರ್. ಅಕ್ಕ ಹೊಲಿಗೆ ಕೋಣೆಯಲ್ಲಿ ಕರಡಿ ವೇಷದ ಹರಿದ ಕಂಕುಳು, ರಾಜಕುಮಾರಿಯ ಬಿಚ್ಚಿಹೋದ ಅಂಚು ಹೊಲಿಯುತ್ತಾಳೆ. ವರ್ಕ್‌ಶಾಪಿನ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹತ್ತೊಂಬತ್ತು, ನನಗೆ ಹನ್ನೊಂದು. ಅಂದಿನಿಂದ ಮನೆಯ ಒಲೆ, ಬಟ್ಟೆ, ನನ್ನ ಜ್ವರ, ಅಪ್ಪನ ಸಿಟ್ಟು ಎಲ್ಲವೂ ಅವಳ ತಲೆಯ ಮೇಲೆ ಬಿದ್ದವು.

ಅಮ್ಮ ಹೋದ ಮೇಲೆ ಅಪ್ಪ ಆರು ತಿಂಗಳು ಮಾತೇ ಆಡಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ಮಲಗಿದರೆ ಸೂರು ನೋಡುತ್ತಿದ್ದ. ಒಂದು ಸಂಜೆ ಕರಡಿ ವೇಷದವನ ಬಗ್ಗೆ ಏನೋ ಒಂದು ಸಪ್ಪೆ ಜೋಕು ಹೇಳಿದ. ಅಕ್ಕ ನನ್ನ ತೊಡೆ ಚಿವುಟಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಮರುದಿನ ಇನ್ನೊಂದು ಹೇಳಿದ. ಹಾಗೆ ಅಪ್ಪನನ್ನು ನಾವು ನಕ್ಕು ನಕ್ಕು ಬದುಕಿಸಿಕೊಂಡೆವು. ಅದು ಎಷ್ಟು ರೂಢಿಯಾಗಿಬಿಟ್ಟಿತೆಂದರೆ, ಅಪ್ಪನ ದನಿ ಸ್ವಲ್ಪ ಮೇಲೇರಿ ಮಾತಿನ ಕೊನೆ ಎಳೆದರೆ ಸಾಕು, ಅವನು ಹೇಳಿದ್ದೇನೆಂದು ಕಿವಿಗೆ ಬೀಳುವ ಮೊದಲೇ ನಮ್ಮ ಹಲ್ಲು ಹೊರಗೆ ಬಂದಿರುತ್ತಿತ್ತು. ಹದಿನೈದು ವರ್ಷದಲ್ಲಿ ಅಪ್ಪನ ಒಂದು ಜೋಕೂ ನಗುವಿಲ್ಲದೆ ನೆಲಕ್ಕೆ ಬಿದ್ದದ್ದಿಲ್ಲ.

ಇನ್ನು ಗಂಡುಗಳ ವಿಷಯ. ಮೊದಲು ಬಂದವನು ಗುಮಾಸ್ತ. ಕನ್ನಡಿ ಮನೆಯೊಳಗೆ ಹೊಕ್ಕು ಅರ್ಧ ಗಂಟೆ ದಾರಿ ಸಿಗದೆ ತನ್ನ ಬಿಂಬಕ್ಕೇ ಡಿಕ್ಕಿ ಹೊಡೆದು ಹಣೆ ಬುಗುಟು ಮಾಡಿಕೊಂಡ. ಎರಡನೆಯವನು ಬಸ್ ಓಡಿಸುವವನು, ತೂಗು ಹಡಗಿನಲ್ಲಿ ಬೆಳಗಿನ ತಿಂಡಿಯನ್ನೆಲ್ಲ ಎದುರಿನವರ ಮೇಲೆ ಹಾಕಿದ. ಇಬ್ಬರ ಮೇಲೂ ಅಪ್ಪ ವರ್ಷಗಟ್ಟಲೆ ಜೋಕು ಕಟ್ಟಿದ, ನಾವು ನಕ್ಕೆವು. ಮೂರನೆಯವನು ಬೆಂಕಿ ಆರಿಸುವ ದಳದವನು. ಏಳೂ ಆಟವನ್ನು ರೆಪ್ಪೆ ಅಲುಗಿಸದೆ ಮುಗಿಸಿ, ಬಿಲ್ಲೆ ತಂದು ಅಪ್ಪನ ಮುಂದಿಟ್ಟ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹೆದರಿಕೆನೇ ಇಲ್ಲದೋನು ಹೆಂಡತಿಗೆ ಹೆದರ್ತಾನಾ?” ಅಂದ. ಅವನನ್ನೂ ಕಳಿಸಿಬಿಟ್ಟೆವು. ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿಯೇ ಇಲ್ಲವೆಂದು ನನಗೆ ಅಂದೇ ಅರ್ಥವಾಯಿತು.

ಅರ್ಥವಾಗಿಯೂ ನಾನು ಬಾಯಿ ಬಿಡಲಿಲ್ಲ. ಯಾಕೆಂದು ಹೇಳುತ್ತೇನೆ, ಮುಚ್ಚುಮರೆ ಏನೂ ಇಲ್ಲ. ನಾನು ಇಪ್ಪತ್ತಾರು ವರ್ಷದ ಕೋಣ. ನನ್ನ ಕಾಲುಚೀಲ ಎಲ್ಲಿರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೆಳಗ್ಗೆ ಏಳುವಾಗ ಚಹಾ ತಲೆದೆಸೆಯಲ್ಲಿರುತ್ತದೆ. ಅಕ್ಕ ಹೋದರೆ ಅಪ್ಪನ ಸಿಟ್ಟಿಗೂ ಅಪ್ಪನ ಜೋಕಿಗೂ ನಾನೊಬ್ಬನೇ ತಲೆ ಕೊಡಬೇಕು. ಅದು ನನಗೆ ಬೇಡವಾಗಿತ್ತು.

ಅಷ್ಟರಲ್ಲಿ ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಯಿತು. ಪೇಟೆಯಲ್ಲಿ ಕನ್ನಡಕ ಮಾಡಿಸಿಕೊಂಡಳು. ಆಮೇಲೆ ಅದು ಮೂಗಿನ ಮೇಲೆ ಸರಿಯಾಗಿ ಕೂರುತ್ತಿಲ್ಲ ಎಂದು ಅದೇ ಅಂಗಡಿಗೆ ಆರು ಸಲ ಹೋಗಿಬಂದಳು. ಅಷ್ಟು ವಕ್ರ ಮೂಗು ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ಏಳನೆಯ ಸಲ ಅಂಗಡಿಯವರೇ ನಮ್ಮ ಮನೆಗೆ ಬಂದರು. ಮೂವತ್ತೆಂಟು ವಯಸ್ಸು, ಸಣ್ಣ ಆಳು, ತಮ್ಮ ಮುಖಕ್ಕಿಂತ ದೊಡ್ಡ ಕನ್ನಡಕ. ಕುರ್ಚಿಯ ತುದಿಯಲ್ಲಿ ಕೂತು, “ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದೀನಿ. ಅವರೂ ಒಪ್ಪಿದಾರೆ. ನೀವೂ ಒಪ್ಪಿದ್ರೆ ಚೆನ್ನಾಗಿರುತ್ತೆ,” ಅಂದರು.

ಅಪ್ಪ ಎದ್ದುಹೋಗಿ ಚೀಟಿ ತಂದುಕೊಟ್ಟ. “ನಮ್ಮ ಪಾರ್ಕಿಗೆ ಯಾವತ್ತಾದ್ರೂ ಬಂದಿದ್ದೀರಾ?”

“ಇಲ್ಲ, ಇದೇ ಮೊದಲು.”

“ಹಾಗಿದ್ರೆ ಇದನ್ನ ಮಾಡಲೇಬೇಕು,” ಅಂದ ಅಪ್ಪ.

ಅವರು ಚೀಟಿಯನ್ನು ಹತ್ತಿರ ಹಿಡಿದು ಏಳೂ ಸಾಲು ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. “ಆಗಲಿ, ಭಾನುವಾರ ಬರ್ತೀನಿ,” ಅಂದರು.

ಶನಿವಾರ ಸಂಜೆ ಅಕ್ಕ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾ ಬಾಗಿಲು ಮುಂದೆ ಮಾಡಿದಳು.

“ನೋಡೋ, ಅವರಿಗೆ ಎತ್ತರ ಅಂದ್ರೆ ಆಗಲ್ಲ. ಅಂಗಡಿ ಬಲ್ಬ್ ಹೋದ್ರೆ ಸ್ಟೂಲ್ ಹತ್ತೋಕೂ ಪಕ್ಕದವರನ್ನ ಕರೀತಾರೆ. ನನ್ನ ಹತ್ರ ಮುಚ್ಚಿಟ್ಟಿಲ್ಲ, ಮೊದಲೇ ಹೇಳಿದಾರೆ.”

“ಮತ್ತೆ ಯಾಕೆ ಹೂಂ ಅಂದ್ರು?”

“ಯಾಕೆ ಅಂದ್ರೆ ಏನು ಹೇಳ್ಲಿ.” ಅಂಗಿಯ ತೋಳನ್ನು ಎರಡೆರಡು ಸಲ ತಿಕ್ಕಿದಳು. “ನಿನ್ನ ಆಟಕ್ಕೆ ಬಂದಾಗ ಮೇಲೆ ನಿಲ್ಲಿಸ್ಬೇಡ ಕಣೋ. ಹತ್ತಿದ ತಕ್ಷಣ ಬಿಟ್ಬಿಡು. ಕಣ್ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗುತ್ತೆ. ಇಷ್ಟು ವರ್ಷಕ್ಕೆ ನಿನ್ನ ಹತ್ರ ಇದೊಂದೇ ಕೇಳ್ತಿರೋದು.”

“ಆಯ್ತು ಬಿಡಕ್ಕ.”

“ನನಗೆ ಇವರು ಬೇಕು,” ಅಂದಳು. ಅಕ್ಕನ ಬಾಯಲ್ಲಿ ‘ನನಗೆ ಬೇಕು’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಮಾತು ಕೊಟ್ಟೆ.

ಗೋಪುರಕ್ಕೆ ಪಾರ್ಕಿನವರು ಇಟ್ಟ ಹೆಸರು ಏನೋ ಇದೆ, ನಾವು ಕೆಲಸದವರು ಅದನ್ನು ಬಾವಿ ಅನ್ನುತ್ತೇವೆ. ಕಂಬದ ಸುತ್ತ ಹನ್ನೆರಡು ಸೀಟು. ಎದೆಯ ಮೇಲೆ ಕಂಬಿ ಬಂದು ಕೂರುತ್ತದೆ. ನನ್ನ ಮುಂದೆ ಮೂರು ಗುಂಡಿ: ಏರಿಸು, ತಡೆ, ಬಿಡು. ಹದಿನೆಂಟು ಮಹಡಿಯೆತ್ತರಕ್ಕೆ ಏರಿಸಿ, ಬೇಕಿದ್ದರೆ ಇಪ್ಪತ್ತು ಸೆಕೆಂಡು ತಡೆದು, ಒಮ್ಮೆಲೇ ಬಿಡುವುದು. ಸೀಟಿನಲ್ಲಿರುವ ಮೈಕಿನಿಂದ ಮೇಲಿನವರ ಮಾತು ನನ್ನ ಕಿವಿಗೆ ಬರುತ್ತದೆ, ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಗೊತ್ತಾಗಲಿ ಎಂದು. ಸರದಿ ಬಿಕೋ ಅನ್ನುತ್ತಿರುವ ದಿನ ನಾವು ಆ ದನಿಯನ್ನು ಹೊರಗಿನ ಧ್ವನಿವರ್ಧಕಕ್ಕೆ ತಿರುಗಿಸುತ್ತೇವೆ. ಮೇಲೆ ಯಾರಾದರೂ ಅಳುವುದು, ಬೈಯುವುದು, ಹರಕೆ ಹೊರುವುದು ಕೆಳಗಿನವರಿಗೆ ಕೇಳಿಸಿದರೆ ನಿಮಿಷದಲ್ಲಿ ಜನ ಸೇರುತ್ತಾರೆ. ನಿಯಮದ ಪುಸ್ತಕದಲ್ಲಿ ಇದು ಇಲ್ಲ, ಆದರೆ ಮ್ಯಾನೇಜರು ಬೇಡವೆಂದೂ ಅಂದಿಲ್ಲ.

ಭಾನುವಾರ ಹತ್ತು ಗಂಟೆಗೆ ಕನ್ನಡಕದವರು ಬಂದರು. ಹಳದಿ ಪಟ್ಟಿ ಕಟ್ಟಿಸಿಕೊಂಡರು. ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ಪೆನ್ನು ಹಿಡಿದ ಅಪ್ಪ. ನಮ್ಮ ಪರೀಕ್ಷೆಯ ವಿಷಯ ಇಡೀ ಪಾರ್ಕಿಗೆ ಗೊತ್ತು. ಒಬ್ಬೊಬ್ಬ ಆಪರೇಟರೂ ವಾಕಿಟಾಕಿಯಲ್ಲಿ ಸುದ್ದಿ ಬಿತ್ತರಿಸುತ್ತಿದ್ದ. “ರೈಲು ಮುಗೀತು, ಗಂಡು ಕ್ಷೇಮ,” ಅಂದ ರೈಲಿನವನು. “ದೋಣಿ ಮುಗೀತು, ಗಂಡು ಒದ್ದೆ, ಆದ್ರೆ ಕ್ಷೇಮ,” ಅಂದ ದೋಣಿಯವನು. ಕುದುರೆ ಆಟದಲ್ಲಿ ಅವರು ತಮ್ಮ ಕುದುರೆ ಬಿಟ್ಟು ಪಕ್ಕದ ಮಗು ಬೀಳದಂತೆ ಹಿಡಿದುಕೊಂಡು ನಿಂತಿದ್ದರಂತೆ. ಗಾಜೇ ಅವರ ಕಸುಬಾದ್ದರಿಂದ ಕನ್ನಡಿ ಮನೆಯಿಂದ ಎರಡೇ ನಿಮಿಷದಲ್ಲಿ ಹೊರಗೆ ಬಂದರು. ತೂಗು ಹಡಗಿನಲ್ಲಿ ಬಿಳಿಚಿಕೊಂಡರೂ ಬಾಯಿ ಬಿಗಿಹಿಡಿದು ಕೂತಿದ್ದರು.

ಭೂತದ ಮನೆಯ ಭೂತ ನನ್ನ ಗೆಳೆಯ. ಅವನು ವಾಕಿಟಾಕಿಯಲ್ಲಿ ಪಿಸುಗುಟ್ಟಿದ. “ಲೋ, ನಾನು ಮೈಮೇಲೆ ಹಾರಿದ್ರೆ ಅವರು ನನ್ನ ಮುಖವಾಡ ನೋಡಿ, ಕಣ್ಣಿನ ತೂತು ಚಿಕ್ಕದಾಯ್ತು, ಕಣ್ಣು ನೋಯಲ್ವಾ ಅಂತ ಕೇಳಿದ್ರು. ಅಂಗಡಿಗೆ ಬನ್ನಿ, ಪರೀಕ್ಷೆ ಮಾಡ್ತೀನಿ ಅಂದ್ರು. ಒಳ್ಳೆ ಮನುಷ್ಯ ಕಣೋ.”

ಆ ‘ಒಳ್ಳೆ ಮನುಷ್ಯ’ ಎಂಬ ಮಾತು ಕೇಳಿ ನಾನು ವಾಕಿಟಾಕಿಯ ಸದ್ದು ತಗ್ಗಿಸಿದೆ. ಬೆಂಕಿ ಆರಿಸುವವನು ಪಾಸಾದಾಗಲೂ ಹೀಗೆ ಮಾಡಿರಲಿಲ್ಲ, ಯಾಕೆಂದರೆ ಅವನು ಅಕ್ಕನಿಗೆ ಬೇಕಿರಲಿಲ್ಲ.

ಎರಡು ಗಂಟೆಗೆ ಅವರು ಬಾವಿಯ ಹತ್ತಿರ ಬಂದರು. ಬಿಸಿಲಿಗೆ ಅವರ ಬಟ್ಟೆ ಒಣಗಿ ಗರಿಗರಿಯಾಗಿತ್ತು. ಅಕ್ಕ ಏನೋ ಹೇಳುತ್ತಿದ್ದಳು, ಅವರು ಬಾಗಿ ಕೇಳುತ್ತಿದ್ದರು. ಅಕ್ಕನ ಮುಖವನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ. ನಮ್ಮ ಎರಡು ಕೋಣೆಯಲ್ಲಿ ಹದಿನೈದು ವರ್ಷ ಒಮ್ಮೆಯೂ ಆ ಮುಖ ಬೆಳಗಿರಲಿಲ್ಲ. ಎಲ್ಲಿಂದಲೋ ಬಂದ ಒಬ್ಬ ಆರು ವಾರದಲ್ಲಿ ಅದನ್ನು ಬೆಳಗಿಸಿದ್ದ. ನನಗೆ ಸಂತೋಷವಾಗಬೇಕಿತ್ತು, ಬಂದದ್ದು ಸಿಟ್ಟು. ಅಪ್ಪನ ಮುಖವೂ ಸೊಟ್ಟಗಾಗಿತ್ತು. ಚೀಟಿಯ ಮೇಲೆ ಆರು ಮುದ್ರೆ ಬಿದ್ದಿದ್ದವು.

ಕನ್ನಡಕದವರು ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟರು. ನಾನು ಎದೆಯ ಕಂಬಿ ಎಳೆದು ನೋಡುವಾಗ, “ನೀವು ಇವರ ತಮ್ಮ ಅಲ್ವಾ?” ಎಂದು ನನ್ನತ್ತ ಕಣ್ಣು ಕಿರಿದು ಮಾಡಿದರು. “ನೀವಿದೀರಿ ಅಂತ ಧೈರ್ಯ.” ನಾನು ಹೆಬ್ಬೆರಳು ಎತ್ತಿ ತೋರಿಸಿ ನನ್ನ ಗೂಡಿಗೆ ಬಂದೆ.

ಏರಿಸಿದೆ. ತುದಿ ಮುಟ್ಟಿತು. ಕೆಳಗೆ ಅಪ್ಪ ಅಂಗೈ ಮೇಲೆತ್ತಿ ಹಿಡಿದ, ತಡೆ ಎಂದು ಅರ್ಥ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸಿ ತಡೆ ಒತ್ತಿದೆ. ಅಪ್ಪ ಹೇಳಿದ್ದಕ್ಕೆ ಒತ್ತಿದೆ ಎಂದು ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಕಿವಿಯಲ್ಲಿ ಅವರ ದನಿ ಬಂತು. ಮೊದಲು ಬರೀ ಉಸಿರು. ಆಮೇಲೆ, “ಆಯ್ತಾ? ಇಳಿಸ್ತೀರಾ?” ತುಸು ಬಿಟ್ಟು, “ದಯವಿಟ್ಟು ಇಳಿಸಿ.” ಹತ್ತು ಸೆಕೆಂಡಿಗೆ ಅಪ್ಪನ ಅಂಗೈ ಕೆಳಗಿಳಿಯಿತು. ಅಪ್ಪನಿಗೆ ಅಷ್ಟು ಸಾಕಾಗಿತ್ತು.

ನನಗೆ ಸಾಲಲಿಲ್ಲ. ನನ್ನ ಬೆರಳು ತಡೆಯ ಮೇಲೇ ಇತ್ತು. ಇಪ್ಪತ್ತಾಯಿತು, ಮೂವತ್ತಾಯಿತು. “ಅಮ್ಮಾ,” ಅಂದರು ಅವರು, ಸಣ್ಣ ಮಗುವಿನ ದನಿಯಲ್ಲಿ. “ನನಗೆ ಆಗಲ್ಲ ಅಂತ ಹೇಳಿದ್ದೆನಲ್ಲ. ಅಮ್ಮಾ, ಅಮ್ಮಾ.” ನಾನು ಎಡಗೈಯಿಂದ ಆ ದನಿಯನ್ನು ಧ್ವನಿವರ್ಧಕಕ್ಕೆ ತಿರುಗಿಸಿದೆ. ಸರದಿ ಬಿಕೋ ಅನ್ನುತ್ತಿರಲಿಲ್ಲ, ಭಾನುವಾರ, ಇನ್ನೂರು ಜನ ಇದ್ದರು. ಮೂವತ್ತೆಂಟರ ಗಂಡಸು ಅಮ್ಮನನ್ನು ಕರೆಯುವುದು ಇನ್ನೂರು ಜನರ ತಲೆಯ ಮೇಲೆ ಮೊಳಗಿತು. ಯಾರೋ ಕಿಸಕ್ಕೆಂದರು, ಮತ್ತೊಬ್ಬರು ಅದನ್ನೇ ಅಣಕಿಸಿ “ಅಮ್ಮಾ” ಅಂದರು. ಆಮೇಲೆ ಎಲ್ಲರೂ ನಕ್ಕರು. ನನಗೂ ನಗು ಬಂತು. ಒಂದು ನಿಮಿಷ ತುಂಬಿದ ಮೇಲೆ ಬಿಡು ಒತ್ತಿದೆ.

ಸೀಟು ಕೆಳಗೆ ಬಂದು ಕಂಬಿ ಮೇಲೆದ್ದಾಗ ಅವರು ಏಳಲಿಲ್ಲ. ಪಕ್ಕದ ಸೀಟಿನವರು ಎಬ್ಬಿಸಿದರು. ತಿಳಿಬಣ್ಣದ ಪ್ಯಾಂಟಿನ ಮುಂದೆ ತೊಡೆಯ ತನಕ ಒದ್ದೆಯಾಗಿತ್ತು. ಅವರಿಗೆ ಅದು ಗೊತ್ತಿತ್ತು. ಎರಡೂ ಕೈಯನ್ನು ಮುಂದೆ ಕಟ್ಟಿಕೊಂಡು, ಕಣ್ಣು ಸರಿಯಾಗಿ ಕಾಣದೆ, ಅಕ್ಕ ಇದ್ದ ದಿಕ್ಕಿಗೆ ಅಂದಾಜಿನಲ್ಲಿ ಹೆಜ್ಜೆಯಿಟ್ಟರು. ಅಕ್ಕ ಅವರತ್ತ ಓಡಿದಳು. ಅವರ ಸೊಂಟಕ್ಕೆ ಸುತ್ತಲೆಂದು ತನ್ನ ದುಪಟ್ಟಾ ತೆಗೆದಿದ್ದಳು, ನಾನು ನೋಡಿದೆ. ಇನ್ನೊಂದು ಕೈಯಲ್ಲಿ ಕನ್ನಡಕ ಕೊಟ್ಟಳು. ಅವರು ಅದನ್ನು ಹಾಕಿಕೊಳ್ಳುತ್ತಿದ್ದರು.

ಆಗ ಅಪ್ಪ ದನಿ ತುಸು ಮೇಲೇರಿಸಿ, ಮಾತಿನ ಕೊನೆ ಎಳೆದ. “ಏನ್ ಸ್ವಾಮಿ, ದೋಣಿ ನೀರು ಇನ್ನೂ ಆರಿಲ್ವಾ...”

ಅಕ್ಕ ನಕ್ಕಳು.

ಬೇಕೆಂದು ನಕ್ಕಿದ್ದಲ್ಲ. ಅಪ್ಪ ಏನು ಹೇಳಿದನೆಂದು ಅವಳ ಕಿವಿಗೆ ಬಿದ್ದಿರಲೂ ಇಲ್ಲ. ಹದಿನೈದು ವರ್ಷದಿಂದ ಬರುತ್ತಿದ್ದ ನಗು ಅಂದೂ ಬಂತು, ಹಲ್ಲು ಕಾಣುವಂತೆ, ದನಿ ತೆಗೆದು. ಮರುಕ್ಷಣವೇ ಅದು ನಿಂತಿತು. ಆದರೆ ಕನ್ನಡಕ ಹಾಕಿಕೊಂಡ ಮೇಲೆ ಅವರಿಗೆ ಸ್ಪಷ್ಟವಾಗಿ ಕಂಡ ಮೊದಲ ಮುಖ ಅಕ್ಕನದು.

ಅಕ್ಕ ದುಪಟ್ಟಾ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ.

“ಅಯ್ಯೋ, ಅದು ಹಾಗಲ್ಲ, ನಾನು...” ಅಂದಳು ಅಕ್ಕ.

“ಇರಲಿ ಬಿಡಿ.” ಅವರು ಮತ್ತೆ ಎರಡೂ ಕೈ ಮುಂದೆ ಕಟ್ಟಿಕೊಂಡರು. “ಜನ ನಗ್ತಾರೆ ಅಂತ ಗೊತ್ತಿತ್ತು. ನಿಮ್ಮ ತಂದೆಯವರೂ ನಗ್ತಾರೆ ಅಂತ ಗೊತ್ತಿತ್ತು. ಅದಕ್ಕೆಲ್ಲ ಸಿದ್ಧ ಆಗೇ ಬಂದಿದ್ದೆ.”

“ಒಂದು ನಿಮಿಷ ನನ್ನ ಮಾತು ಕೇಳಿ. ನಮ್ಮ ಮನೇಲಿ ಅಪ್ಪ ಏನಾದ್ರೂ ಅಂದ್ರೆ ನಾವು ಹಾಗೇನೇ. ಅದು ಅಭ್ಯಾಸ.”

“ಹೌದಾ,” ಅಂದರು ಅವರು. ವ್ಯಂಗ್ಯವೇನೂ ಇರಲಿಲ್ಲ, ನಿಜಕ್ಕೂ ಯೋಚಿಸುತ್ತಿದ್ದಂತಿತ್ತು. “ಹಾಗಾದ್ರೆ ಇನ್ಮುಂದೆನೂ ಹಾಗೇ ಆಗುತ್ತೆ ಅಲ್ವಾ.”

ಅಕ್ಕ ದುಪಟ್ಟಾ ಕೆಳಗಿಳಿಸಿದಳು, ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ಸುಳ್ಳು ಹೇಳುವುದು ಅವಳ ಜಾಯಮಾನವಲ್ಲ. ಅವರು ಅಪ್ಪನಿಗೆ ಕೈಮುಗಿದು, ಏಳನೆಯ ಮುದ್ರೆಗೂ ಕಾಯದೆ, ಇನ್ನೂರು ಜನರ ನಡುವೆ ಕೈ ಮುಂದೆ ಕಟ್ಟಿಕೊಂಡೇ ಗೇಟಿನತ್ತ ನಡೆದರು. ಗೇಟಿನವನು ಹಳದಿ ಪಟ್ಟಿ ಕತ್ತರಿಸುತ್ತಾ ಎಲ್ಲರನ್ನೂ ಕೇಳುವ ಹಾಗೆ, “ಮತ್ತೆ ಬರ್ತೀರಲ್ಲ?” ಎಂದು ಅವರನ್ನೂ ಕೇಳಿದನಂತೆ. “ಇಲ್ಲಪ್ಪ,” ಅಂದರಂತೆ.

ಅಕ್ಕ ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗಿನಿಂದ ಮೆಷಿನ್ನಿನ ಸದ್ದು ಕೇಳುತ್ತಿತ್ತು. ನಾಲ್ಕಕ್ಕೆ ನಾನು ಚಹಾದ ನೆಪದಲ್ಲಿ ಒಳಗೆ ಹೋದೆ. ಕರಡಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕನ್ನಡಕ ಹಾಕಿಕೊಂಡಿರಲಿಲ್ಲ, ದಾರವನ್ನು ಸೂಜಿಯ ಪಕ್ಕಕ್ಕೇ ಚುಚ್ಚುತ್ತಿದ್ದಳು.

“ಅಪ್ಪ ಕೈ ಇಳಿಸ್ಲೇ ಇಲ್ಲ ಅಕ್ಕ, ನಾನೇನು ಮಾಡ್ಲಿ,” ಅಂದೆ.

“ಇಳಿಸಿದ್ದನ್ನ ನಾನು ನೋಡಿದೆ ಕಣೋ.”

ನಾನು ನಿಂತೇ ಇದ್ದೆ. ಬೈಯುತ್ತಾಳೆ, ಕೆನ್ನೆಗೆ ಎರಡು ಬಿಡುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನೀನು ಮೇಲೆ ನಿಲ್ಲಿಸಿದ್ದಕ್ಕೆ ಅವರು ಹೋಗ್ಲಿಲ್ಲ,” ಅಂದಳು. “ಅದನ್ನ ತಡ್ಕೊಂಡಿದ್ರು. ನಾನು ನಕ್ಕಿದ್ದಕ್ಕೆ ಹೋದ್ರು. ಹೋಗು, ನಿನ್ನ ಕೆಲಸ ನೋಡ್ಕೋ.”

ಏಳು ಗಂಟೆಗೆ ಊಟಕ್ಕೆ ಕೂತೆವು. ಅಪ್ಪ ಒಂದೆರಡು ಸಲ ಕೆಮ್ಮಿದ. ಜೋಕು ಹೇಳಲಿಲ್ಲ. ಹೇಳಿದ್ದರೆ ಅವಳು ನಗುತ್ತಿದ್ದಳೋ ಏನೋ, ಆ ಪರೀಕ್ಷೆಗೆ ಅಪ್ಪನಿಗೂ ಧೈರ್ಯವಿರಲಿಲ್ಲ. ಕೊನೆಗೆ, “ಬೇಜಾರು ಮಾಡ್ಕೋಬೇಡ ಮಗಳೇ, ಇವನಲ್ಲದಿದ್ರೆ ಇನ್ನೊಬ್ಬ. ನಮ್ಮ ರೈಲಿನವನ ಭಾವಮೈದುನ ಒಬ್ಬ ಇದಾನಂತೆ,” ಅಂದ.

ಅಕ್ಕ ಅಪ್ಪನ ತಟ್ಟೆಗೆ ಬಡಿಸಿದಳು. ಆಮೇಲೆ ನನ್ನ ತಟ್ಟೆಗೆ. ಪಾತ್ರೆ ಕೆಳಗಿಟ್ಟು, ದನಿ ಏರಿಸದೆ, “ಇನ್ನು ಯಾರನ್ನೂ ಕರೀಬೇಡಪ್ಪ. ನಾನು ಇಲ್ಲೇ ಇರ್ತೀನಿ,” ಅಂದಳು.

“ನಿನ್ನಿಷ್ಟ,” ಅಂದ ಅಪ್ಪ. ತಟ್ಟೆಯ ಮೇಲೆ ಬಾಗಿದ್ದರೂ ಅವನ ಮುಖದ ಬಿಗಿ ಸಡಿಲಾದದ್ದು ನನಗೆ ಕಂಡಿತು. ನನ್ನ ಎದೆಯಿಂದಲೂ ಏನೋ ಭಾರ ಇಳಿಯಿತು. ನಾಚಿಕೆಯಾಗಲಿಲ್ಲವೆಂದಲ್ಲ, ಆಯಿತು. ಆದರೆ ಆ ಭಾರ ಇಳಿದ ಸುಖ ನಾಚಿಕೆಗಿಂತ ದೊಡ್ಡದಾಗಿತ್ತು. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಒಮ್ಮೆಲೇ ಹಸಿವಾಯಿತು. ತಟ್ಟೆ ಮುಂದೆ ಚಾಚಿದೆ. ಅಕ್ಕ ನನ್ನ ಮುಖ ನೋಡದೆ ಇನ್ನೊಮ್ಮೆ ಬಡಿಸಿದಳು.